ಅರ್ಧ ಮಾತ್ರೆ

ಜನವರಿ ೯

ನನ್ನ ಚೂಟಿಗೆ,

ಬಸ್ಸಿನ ಮುಂದಿನ ಬಾಗಿಲಿನಿಂದ ಹಿಂದಿನ ಬಾಗಿಲವರೆಗೆ ಸಾಲುವಷ್ಟು ಆಶೀರ್ವಾದ. ನೀನು ಕಳಿಸಿದ ಫೋಟೊ ತಲುಪಿತು. ಕಂಡಕ್ಟರ್ ಅಂಗಿ ದೊಡ್ಡದಾಗಿದೆ, ಹೆಗಲು ಹಿಡಿಸಿಕೋ. ನಿಮ್ಮಮ್ಮ ಆ ಫೋಟೊವನ್ನು ಬಲೆಯ ಶೆಡ್ಡಿನ ಕಂಬಕ್ಕೆ ಸಿಕ್ಕಿಸಿದ್ದಾಳೆ. ಬಂದವರೆಲ್ಲ "ಇವಳು ನಮ್ಮ ಚೂಟಿ ಅಲ್ವಾ? ಪೊಲೀಸ್ ಆದ್ಲಾ?" ಎಂದು ಕೇಳುತ್ತಾರೆ. ನಿಮ್ಮಮ್ಮ ಇಲ್ಲ ಎನ್ನುವುದಿಲ್ಲ, ಹೌದು ಎಂದೂ ಹೇಳುವುದಿಲ್ಲ. ಮೀನು ಕೊಳ್ಳುವ ವ್ಯಾಪಾರಿ ಮೊನ್ನೆಯಿಂದ ತಕ್ಕಡಿಯನ್ನು ಬೆರಳಿನಿಂದ ಒತ್ತುವುದು ಬಿಟ್ಟಿದ್ದಾನೆ.

ನನ್ನ ಆರೋಗ್ಯ ಕೇಳಿದ್ದೆ. ಆಪರೇಷನ್ ಆಗಿ ವರ್ಷ ದಾಟಿತು. ಹೊಲಿಗೆಯ ಜಾಗ ಚಳಿಗೆ ಎಳೆಯುತ್ತದೆ, ಎಡಗೈ ತಲೆಯ ಮಟ್ಟಕ್ಕಿಂತ ಮೇಲೆ ಏಳುವುದಿಲ್ಲ. ಮೊದಲೆಲ್ಲ ಒಂದು ಬಲೆಗೆ ನಿಮ್ಮಮ್ಮ ಆ ತುದಿ, ನಾನು ಈ ತುದಿ ಹಿಡಿದು, ಹರಿದಲ್ಲೆಲ್ಲ ಹೆಣೆಯುತ್ತಾ ನಡುವಿಗೆ ಬಂದು ಸೇರುತ್ತಿದ್ದೆವು. ಈಗ ಬಲೆಯನ್ನು ತೊಲೆಗೆ ನೇತು ಹಾಕಿ, ಅವಳು ನಿಂತು ಮೇಲಿನದನ್ನು, ನಾನು ಕೂತು ಕೆಳಗಿನದನ್ನು ಹೆಣೆಯುತ್ತೇವೆ. ಅವಳು ಕತ್ತರಿಸಿದ ದಾರದ ಚೂರೆಲ್ಲ ನನ್ನ ತಲೆಯ ಮೇಲೆ. ಬೇಕೆಂದೇ ಬೀಳಿಸುತ್ತಾಳೆ.

ಇನ್ನೊಂದು ವಿಷಯ. ಬರೆಯಬೇಡ ಎಂದಿದ್ದಾಳೆ, ನಾನು ಬರೆಯುತ್ತಿದ್ದೇನೆ, ನೀನು ಓದಿ ಮರೆತುಬಿಡು. ನಿಮ್ಮಮ್ಮನ ಎದೆಯಲ್ಲೂ ಒಂದು ಗಂಟು ಇದೆ, ನನಗೆ ಬಂದಂಥದ್ದೇ. ಗಾಬರಿಯಾಗಬೇಡ, ನಾನು ಕೈ ಕಟ್ಟಿ ಕೂತಿಲ್ಲ. ಆಸ್ಪತ್ರೆಯವರು ನನಗೆ ದಿನಾ ನುಂಗಲು ಕೊಟ್ಟ ಮಾತ್ರೆಯನ್ನು ಬೆಳಿಗ್ಗೆ ದಾರದ ಚಾಕುವಿನಲ್ಲಿ ಎರಡು ಮಾಡಿ, ಅರ್ಧ ಅವಳಿಗೆ ಕೊಟ್ಟು ಅರ್ಧ ನಾನು ನುಂಗುತ್ತೇನೆ. ಮಳೆ ನಿಂತಾಗಿನಿಂದ ಹೀಗೇ ನಡೆದಿದೆ. ಈ ಮನೆಯೊಳಗೆ ಏನು ಬಂದರೂ ಎರಡಾಗುತ್ತದೆ ಎಂಬುದು ನಿನಗೆ ಗೊತ್ತೇ ಇದೆ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು, ಕಾಯಿಲೆಯೂ ಒಂದೇ. ನನಗೆ ಹಿಡಿಸಿದ ಔಷಧಿ ಅವಳಿಗೂ ಹಿಡಿಸದೆ ಏನು? ಸಮನಾಗಿ ತುಂಡಾಗದಿದ್ದರೆ ದೊಡ್ಡ ತುಂಡು ಅವಳಿಗೆ. "ಸಿಹಿ ಇದ್ದಾಗ ಚಿಕ್ಕದು ಕೊಡ್ತಿದ್ದೆ, ಕಹಿಗೆ ಮಾತ್ರ ದೊಡ್ಡದಾ?" ಎಂದು ಗೊಣಗಿಕೊಂಡು ನುಂಗುತ್ತಾಳೆ. ಗಂಟು ಬೆಳೆದಿಲ್ಲ ಎನ್ನುತ್ತಾಳೆ. ಮುಟ್ಟಿ ನೋಡಲು ಬಿಡುವುದಿಲ್ಲ.

ಚಳಿಗೆ ಕಿವಿ ಮುಚ್ಚಿಕೊಂಡು ಕೆಲಸಕ್ಕೆ ಹೋಗು.

ನಿನ್ನ ದೊಡ್ಡಮ್ಮ


ಜನವರಿ ೨೧

ದೊಡ್ಡಮ್ಮ,

ಕಾಗದ ಡಿಪೋದಲ್ಲಿ ಸಿಕ್ಕಿತು. ಮೊದಲ ಟ್ರಿಪ್ಪಿಗೆ ಮುಂಚೆ ನಿಂತೇ ಓದಿದೆ. ಪೊಲೀಸ್ ಮಾತಿಗೆ ನಕ್ಕೆ. ಕೊನೆಯ ಭಾಗ ಓದಿದ ಮೇಲೆ ಸೀಟಿ ಊದುವುದನ್ನೇ ಮರೆತು ನಿಂತಿದ್ದೆನಂತೆ. ಡ್ರೈವರ್ "ಏನಮ್ಮಾ, ಬಸ್ಸು ಹೊರಡಬೇಕೋ, ಇಲ್ಲೇ ಮನೆ ಮಾಡೋಣವೋ" ಎಂದ.

ನಿನ್ನನ್ನು ಬೈಯಲು ಬರೆಯುತ್ತಿಲ್ಲ. ಬೈದರೂ ನೀನು ಕೇಳುವವಳಲ್ಲ. ಆದರೆ ಈ ಕಾಗದ ಓದಿದ ಕ್ಷಣದಿಂದ ಮಾತ್ರೆ ಕತ್ತರಿಸುವುದನ್ನು ನಿಲ್ಲಿಸು.

ನನ್ನ ಬಸ್ಸು ಇಲ್ಲಿಯ ಕ್ಯಾನ್ಸರ್ ಆಸ್ಪತ್ರೆಯ ಎದುರು ನಿಲ್ಲುತ್ತದೆ. ಅಲ್ಲಿನ ಒಬ್ಬ ನರ್ಸಕ್ಕ ನನ್ನ ಬಸ್ಸಿಗೇ ಬರುತ್ತಾರೆ. "ನಮ್ಮ ಕಡೆ ಯಾರೋ ಹೀಗೆ ಮಾಡ್ತಿದಾರೆ" ಎಂದು ಕೇಳಿದೆ. ಅವರು ಟಿಕೆಟ್ಟು ಇಸಿದುಕೊಳ್ಳುವುದನ್ನು ಬಿಟ್ಟು ನನ್ನ ಮುಖ ನೋಡಿದರು. "ಯಾರೋ ಅಲ್ಲ ತಾನೇ?" ಎಂದರು. ಗಂಟುಗಳು ಹೊರಗೆ ಒಂದೇ ಥರ ಕಂಡರೂ ಒಳಗೆ ಬೇರೆ ಬೇರೆಯಂತೆ. ನಿನ್ನ ಗಂಟನ್ನು ಪರೀಕ್ಷೆ ಮಾಡಿದ ಮೇಲೆ ನಿನಗೆಂದೇ ಆರಿಸಿದ ಮಾತ್ರೆ ಅದು. ಅಮ್ಮನದಕ್ಕೆ ಏನು ಬೇಕೆಂದು ಸೂಜಿ ಹಾಕಿ ಚೂರು ತೆಗೆದು ನೋಡದೆ ಯಾವ ಡಾಕ್ಟರೂ ಹೇಳಲಾರರು. ಮತ್ತೆ ನಿನಗೆ ಅರ್ಧ ಸಾಲದು. ಕಾಯಿಲೆ ಮರಳದಂತೆ ಕಾವಲು ಕಾಯುವ ಮಾತ್ರೆಯಂತೆ ಅದು, ಇಷ್ಟು ತಿಂಗಳು ಅರ್ಧ ಕಾವಲು ಇಟ್ಟುಕೊಂಡು ಕೂತಿದ್ದೀಯ.

ದೊಡ್ಡಮ್ಮ, ನನ್ನ ಬಸ್ಸಿಗೆ ತಲೆಗೆ ಬಟ್ಟೆ ಸುತ್ತಿಕೊಂಡು ಹತ್ತುವವರನ್ನು ನೋಡುತ್ತೇನೆ. ಕೆಲವರು ಕೆಲವು ತಿಂಗಳಾದ ಮೇಲೆ ಬಟ್ಟೆ ಬಿಚ್ಚಿ ಬರುತ್ತಾರೆ, ಕೂದಲು ಹುಲ್ಲಿನ ಹಾಗೆ ಎದ್ದಿರುತ್ತದೆ. ಒಬ್ಬರು ನನ್ನ ಬಾಚಣಿಗೆ ಕೇಳಿ ಇಸಿದುಕೊಂಡರು, ಬಾಚಲು ಏನೂ ಇರಲಿಲ್ಲ, ಆದರೂ ಬಾಚಿದರು. ನಮ್ಮ ದಡದಲ್ಲಿ ಹಾಗೆ ತಿರುಗಿ ಬಂದವರೆಂದರೆ ನೀನೊಬ್ಬಳು. ಇಲ್ಲಿ ಬೇಗ ಬರುತ್ತಾರೆ, ಅಷ್ಟೇ ವ್ಯತ್ಯಾಸ.

ಅಮ್ಮನನ್ನು ಕಳಿಸು. ಅವಳು ಯಾಕೆ ಹೋಗುತ್ತಿಲ್ಲ? ನನಗೆ ಯಾಕೆ ಹೇಳಲಿಲ್ಲ?

ಚೂಟಿ


ಫೆಬ್ರವರಿ ೧೦

ಮಗಳೇ,

ಕತ್ತರಿಸುವುದನ್ನು ನಿಲ್ಲಿಸಿದ್ದೇನೆ. ನಿನ್ನ ಕಾಗದವನ್ನು ಅಕ್ಕಿ ಡಬ್ಬಿಯ ಹಿಂದೆ ಇಟ್ಟು ಎಷ್ಟೋ ಸಲ ತೆಗೆದು ಓದಿದೆ. ನನಗೆ ಓದು ಕಲಿಸಿದವರು ಯಾರು? ಹೊಳೆ ದಾಟಿಸುವ ಲಾಂಚಿನ ಮೇಲೆ ಬರೆದ ಅಕ್ಷರ, ಸಾಮಾನು ಕಟ್ಟಿಕೊಡುತ್ತಿದ್ದ ಹಳೆಯ ಪೇಪರು. ಔಷಧಿ ಚೀಟಿಯ ಮೇಲಿದ್ದ ಸಣ್ಣ ಅಕ್ಷರವನ್ನೂ ಓದಿದ್ದೆ. ತಂಗಿಗೆ ಕೊಡಬಾರದು ಎಂದು ಎಲ್ಲೂ ಬರೆದಿರಲಿಲ್ಲ. ಆಸ್ಪತ್ರೆಯ ಔಷಧಿ ಕಿಟಕಿಯಿಂದ ಪೊಟ್ಟಣ ದಾಟಿಸಿದವಳು "ದಿನಾ ತಗೋ, ಮರೀಬೇಡ" ಎಂದಳು. ಮರೆಯಲಿಲ್ಲ.

ನಿಮ್ಮಮ್ಮ ಯಾಕೆ ಹೋಗುವುದಿಲ್ಲ ಎಂದು ಕೇಳಿದ್ದೀಯ. ನಾನು ಹೇಳಬೇಕಿರುವುದು ಅವಳದ್ದು ಮಾತ್ರವಲ್ಲ, ನನ್ನದೂ ಹೌದು. ಅದಕ್ಕೇ ನಿನಗೆ ಬರೆದಿರಲಿಲ್ಲ.

ಒಂದೇ ಒಂದು ಸಲ ಪರೀಕ್ಷೆಯ ವ್ಯಾನು ನಮ್ಮ ದಡಕ್ಕೆ ಬಂತಲ್ಲ, ಅದರಿಂದ ನನ್ನ ಗಂಟು ಬೇಗ ಸಿಕ್ಕಿತು. ಆಮೇಲೆ ಅದು ಬರಲೇ ಇಲ್ಲ, ನಮ್ಮ ರಸ್ತೆ ಸರಿಯಿಲ್ಲವಂತೆ. ವ್ಯಾನಿನವರು ಬರೆದುಕೊಟ್ಟ ಚೀಟಿ ಹಿಡಿದು ಹೊಳೆ ದಾಟಿ ಪೇಟೆಯ ಆಸ್ಪತ್ರೆಗೆ ಹೋದೆವು, ನಾನು ಮತ್ತು ನಿಮ್ಮಮ್ಮ. ಒಳಗೆ ಕರೆದು ಮೇಲಿನ ಬಟ್ಟೆ ತೆಗೆ ಎಂದರು. ತೆಗೆದೆ. ಡಾಕ್ಟರು ಬಂದರು, ಅವರ ಹಿಂದೆ ಕಲಿಯುವ ಹುಡುಗ ಹುಡುಗಿಯರು ಗುಂಪಾಗಿ ಬಂದರು. ಬಾಗಿಲು ತೆರೆದೇ ಇತ್ತು, ಕಾರಿಡಾರಿನಲ್ಲಿ ಕೂತವರಿಗೆಲ್ಲ ನಾನು ಕಾಣುತ್ತಿದ್ದೆ. ಡಾಕ್ಟರು ನನ್ನ ಎದೆಯ ಮೇಲೆ ಪೆನ್ನಿನಲ್ಲಿ ಗೆರೆ ಎಳೆದು ಅವರಿಗೆ ವಿವರಿಸಿದರು. "ಹೊಳೆಯಾಚೆ ಜನ ಇವರು. ಇವರು ಬರೋದೇ ಕೊನೇಲಿ. ಇದು ಹೇಗೋ ಬೇಗ ಬಂದಿದೆ, ನೋಡ್ಕೊಳ್ಳಿ" ಎಂದರು. ಇದು ಎಂದರು, ಮಗಳೇ. ನನ್ನೊಡನೆ ಒಂದು ಮಾತೂ ಆಡಲಿಲ್ಲ. ಕೈ ಬೆಚ್ಚಗಿತ್ತು ಅವರದು, ಒರಟರಲ್ಲ. ಆಪರೇಷನ್ನೂ ಚೆನ್ನಾಗಿಯೇ ಮಾಡಿದರು. ಸುಳ್ಳು ಹೇಳಬಾರದು.

ನಾನು ಗೋಡೆಯ ಕಡೆ ನೋಡುತ್ತಾ ಸಹಿಸಿಕೊಂಡೆ. ಬಾಗಿಲಲ್ಲಿ ನಿಂತಿದ್ದ ನಿಮ್ಮಮ್ಮ ಎಲ್ಲವನ್ನೂ ನೋಡಿದಳು. ಲಾಂಚಿನಲ್ಲಿ ಮರಳುವಾಗ ನನ್ನ ಗುಂಡಿಗಳನ್ನು ಮತ್ತೆ ಮತ್ತೆ ಮುಟ್ಟಿ ನೋಡಿ ಸರಿಮಾಡುತ್ತಿದ್ದಳು, ಸರಿಯಾಗಿಯೇ ಹಾಕಿದ್ದರೂ. ಅದರ ಬಗ್ಗೆ ನಾವಿಬ್ಬರೂ ಇವತ್ತಿನವರೆಗೆ ಮಾತಾಡಿಲ್ಲ.

ಮಾತ್ರೆ ನಿಲ್ಲಿಸಿದ ದಿನ ಕೇಳಿದಳು.

"ಯಾಕೆ, ನನ್ನ ಪಾಲೆಲ್ಲಿ?"

"ಇದು ನಿಂಗೆ ಹಿಡಿಸಲ್ವಂತೆ. ಆಸ್ಪತ್ರೆಗೆ ಹೋಗ್ಬೇಕಂತೆ."

"ಯಾರಂತೆ ಹೇಳಿದ್ದು? ಆ ಪೊಲೀಸ್ ಹೇಳಿದ್ಲಾ?"

"ಹೂಂ."

"ಹೋಗಲ್ಲ ಅಕ್ಕ."

"ಸಾಯ್ತೀಯೇನೇ ಹಾಗಾದ್ರೆ?"

"ಸಾಯೋದಾದ್ರೆ ಇಲ್ಲೇ ಸಾಯ್ತೀನಿ. ಮೈ ಮೇಲೆ ಬಟ್ಟೆ ಹಾಕ್ಕೊಂಡು ಸಾಯ್ತೀನಿ."

ಮತ್ತೆ ಬಲೆಯ ಕಡೆ ತಿರುಗಿದಳು. ಅವತ್ತು ನನ್ನ ತಲೆಯ ಮೇಲೆ ಒಂದು ಚೂರು ದಾರವೂ ಬೀಳಲಿಲ್ಲ.

ಏನು ಮಾಡಲಿ, ಹೇಳು. ನನ್ನ ಮಾತು ಅವಳಿಗೆ ತಾಗುತ್ತಿಲ್ಲ.

ದೊಡ್ಡಮ್ಮ


ಫೆಬ್ರವರಿ ೨೪

ದೊಡ್ಡಮ್ಮ,

ನಿನ್ನ ಕಾಗದ ಓದಿದೆ. ಅದರ ಬಗ್ಗೆ ಬರೆಯುವುದಿಲ್ಲ. ನೀನು ಬಂದಾಗ ನಿನ್ನ ಪಕ್ಕ ಕೂರುತ್ತೇನೆ.

ನರ್ಸಕ್ಕನಿಗೆ ಎಲ್ಲ ಹೇಳಿದೆ, ಯಾರೋ ಅಲ್ಲ ಎಂಬುದನ್ನೂ. ಇಲ್ಲಿ ಹೆಂಗಸು ಡಾಕ್ಟರಿದ್ದಾರೆ. ಪರದೆ ಎಳೆದು ನೋಡುತ್ತಾರೆ, ಒಳಗೆ ನಾನೂ ಇರಬಹುದು. "ಹಾಗಂತ ಇಲ್ಲಿ ಎಲ್ಲರೂ ಸರಿ ಅಂತ ನಾನು ಮಾತು ಕೊಡಲ್ಲ ಕಣಮ್ಮ. ಕಲಿಯೋರು ಇಲ್ಲೂ ಬರ್ತಾರೆ. ಬೇಡ ಅಂತ ಹೇಳೋ ಹಕ್ಕು ನಿಮ್ಮಮ್ಮಂಗಿದೆ, ಅದನ್ನ ಹೇಳ್ಕೊಟ್ಟು ಕರ್ಕೊಂಡು ಬಾ" ಎಂದರು. ಅಷ್ಟು ನೇರವಾಗಿ ಹೇಳಿದ್ದಕ್ಕೇ ನನಗೆ ಅವರ ಮೇಲೆ ನಂಬಿಕೆ ಬಂತು.

ನನ್ನ ಕೋಣೆಯಲ್ಲಿ ಇನ್ನೊಂದು ಹಾಸಿಗೆ ಹಿಡಿಸುತ್ತದೆ. ಕಿಟಕಿಯ ಪಕ್ಕದ ಜಾಗ ಅವಳಿಗೆ.

ಒಂದು ಮಾತು ಕೇಳುತ್ತೇನೆ, ತಪ್ಪು ತಿಳಿಯಬೇಡ. ಮಾತ್ರೆ ಅವಳಿಗೆ ಹಿಡಿಸುವುದಿಲ್ಲ ಎಂದು ಹೇಳಿದೆ, ಸರಿ. ಅವಳು ಅರ್ಧ ನುಂಗಿದ್ದರಿಂದ ನಿನಗೆ ಔಷಧಿ ಸಾಲದಾಯಿತು ಎಂದು ಹೇಳಿದೆಯಾ? ಹೇಳಿಲ್ಲ. ನಿನ್ನನ್ನು ನಾನು ಬಲ್ಲೆ. ಅದನ್ನು ಹೇಳು ದೊಡ್ಡಮ್ಮ. ಅವಳಿಗೆ ನೋವಾಗುತ್ತದೆ, ಆದರೂ ಹೇಳು. ತನಗೋಸ್ಕರ ಅವಳು ಲಾಂಚು ಹತ್ತುವವಳಲ್ಲ.

ಚೂಟಿ


ಮಾರ್ಚ್ ೧೩

ಚೂಟಿ,

ಈ ಕಾಗದ ಮುಟ್ಟುವ ಮುಂಚೆ ಅವಳೇ ಮುಟ್ಟಿರುತ್ತಾಳೆ. ಆದರೂ ಇಲ್ಲಿ ಏನಾಯಿತು ಎಂದು ನಿನಗೆ ಗೊತ್ತಿರಲಿ, ಅವಳು ಹೇಳುವವಳಲ್ಲ.

ಹೇಳಬೇಕೆಂದು ವಾರವಿಡೀ ಬಾಯಿ ತೆರೆದು ಮುಚ್ಚಿದೆ. ಕೊನೆಗೆ ಶೆಡ್ಡಿನಲ್ಲಿ, ಮಧ್ಯಾಹ್ನ, ಊಟ ಆದಮೇಲೆ ನಿನ್ನ ಕಾಗದವನ್ನೇ ತೆಗೆದು ಅವಳಿಗೆ ಓದಿದೆ. ನನ್ನ ಬಾಯಿಂದ ಬರದ ಮಾತು ನಿನ್ನ ಮಾತಾಗಿ ಬಂತು. ಅವಳು ಹೆಣೆಯುತ್ತಲೇ ಕೇಳಿದಳು. "ಅರ್ಧ ಕಾವಲು" ಎಂದು ನೀನು ಹಿಂದೆ ಬರೆದಿದ್ದೆಯಲ್ಲ, ಅದನ್ನೂ ಓದಿದೆ. ಅವಳ ಕೈ ನಿಂತಿತು.

"ಅಂದ್ರೆ? ನಂಗೆ ಕೊಟ್ಟಿದ್ದು ನಿಂದ್ರಲ್ಲಿ ಕಮ್ಮಿ ಆಯ್ತಾ?"

"ಸ್ವಲ್ಪ ಕಮ್ಮಿ ಆಗಿರ್ಬೋದು."

"ಸ್ವಲ್ಪ ಅಂದ್ರೆ ಅರ್ಧ. ನಂಗೆ ಲೆಕ್ಕ ಬರಲ್ಲ ಅಂದ್ಕೊಂಡ್ಯಾ? ಮೂರು ತಿಂಗಳು ನಿನ್ನ ಜೀವ ತಿಂದ್ನಲ್ಲೇ ನಾನು. ಅದೂ ದೊಡ್ಡ ತುಂಡು."

"ಜೀವ ಅಂತೆಲ್ಲ ಯಾಕಂತೀಯ. ನಾನೇ ಕೊಟ್ಟಿದ್ದು."

"ನೀನು ಕೊಡ್ತೀಯ. ನಿಂಗೆ ಕೊಡೋದೊಂದು ಚಟ. ಹಲ್ಲು ಬಿದ್ರೂ ಅದ್ರಲ್ಲಿ ಅರ್ಧ ಕೊಡ್ತೀಯ."

ನಾನು ನಕ್ಕೆ. ಅವಳು ನಗಲಿಲ್ಲ. ಎದ್ದು ಹೊಳೆಯ ಮೆಟ್ಟಿಲ ಮೇಲೆ ಹೋಗಿ ಕೂತಳು. ದೋಣಿ ತೊಳೆಯುತ್ತಿದ್ದವರು ಮನೆಗೆ ಹೋಗುವವರೆಗೂ ಅಲ್ಲೇ ಇದ್ದಳು. ಎದ್ದು ಬಂದವಳು ನೇರ ಒಳಗೆ ಹೋಗಿ ಚೀಲಕ್ಕೆ ಬಟ್ಟೆ ತುಂಬಲು ಶುರು ಮಾಡಿದಳು.

"ನಾನಿಲ್ಲಿದ್ರೆ ನೀನು ಇಡೀ ಮಾತ್ರೆ ನುಂಗಲ್ಲ. ಹೇಗಾದ್ರೂ ಮಾಡಿ ನನ್ನ ಗಂಜಿಗೆ ಹಾಕ್ತೀಯ. ಅದಕ್ಕೇ ಹೋಗ್ತಿದೀನಿ. ಬೇರೆ ಏನೂ ಇಲ್ಲ" ಎಂದಳು.

ಬೇರೆ ಏನೂ ಇಲ್ಲ ಎಂದು ನಾನೂ ಒಪ್ಪಿಕೊಂಡೆ.

ಜೊತೆಗೆ ಬರುತ್ತೇನೆ ಎಂದರೆ ಬೇಡ ಎಂದಳು. "ಅಲ್ಲಿ ನಿನ್ನ ಮುಖ ನೋಡಿದ್ರೆ ನಂಗೆ ಆವತ್ತಿಂದು ಕಾಣತ್ತೆ" ಎಂದಳು. ಅಷ್ಟೇ ಹೇಳಿದಳು. ಇಷ್ಟು ದಿನದ ಮೇಲೆ ಅಷ್ಟಾದರೂ ಹೇಳಿದಳು.

ಆಚೆ ದಡದ ಬಸ್ಸಿನವರೆಗೆ ಹೋಗಿ ಕೂರಿಸಿ ಬಂದೆ. ದಾರಿಯಲ್ಲಿ ಹೆಣೆಯಲು ಹರಕು ಬಲೆಯೊಂದನ್ನು ಹೊತ್ತುಕೊಂಡು ಹೋಗಿದ್ದಾಳೆ, ಬಸ್ಸೆಲ್ಲ ಮೀನಿನ ವಾಸನೆ. ನಿನ್ನ ಇಲಾಖೆಯ ಬಸ್ಸು, ಕ್ಷಮಿಸಬೇಕು. ಅವಳಿಗೆ ಜನ ಗಟ್ಟಿಯಾಗಿ ಮಾತಾಡಿದರೆ ಎದೆ ಹೊಡೆದುಕೊಳ್ಳುತ್ತದೆ. ಡಾಕ್ಟರು ಕೇಳಿದ್ದಕ್ಕೆ ಉತ್ತರ ತಡವಾದರೆ ಮಧ್ಯೆ ನೀನು ಬಾಯಿ ಹಾಕಬೇಡ, ಯೋಚಿಸಿ ಹೇಳುತ್ತಾಳೆ.

ಇಡೀ ಮಾತ್ರೆ ನುಂಗುತ್ತಿದ್ದೇನೆ ಎಂದು ಹೇಳು.

ದೊಡ್ಡಮ್ಮ


ಏಪ್ರಿಲ್ ೪

ದೊಡ್ಡಮ್ಮ,

ಫಲಿತಾಂಶ ಬಂತು. ಕುಳಿತುಕೊಂಡು ಓದು.

ಅಮ್ಮನ ಗಂಟು ಕ್ಯಾನ್ಸರೇ. ಕಂಕುಳಿಗೂ ಹರಡಿದೆ. ಮೂಳೆ, ಶ್ವಾಸಕೋಶ, ಲಿವರ್ ಎಲ್ಲ ನೋಡಿದರು, ಅಲ್ಲಿಗೆ ಹೋಗಿಲ್ಲ. ಮೊದಲು ನರಕ್ಕೆ ಔಷಧಿ ಹನಿಸುತ್ತಾರೆ, ಗಂಟು ಕುಗ್ಗಿದ ಮೇಲೆ ಆಪರೇಷನ್. ವರ್ಷದ ಮಾತು. ವಾಸಿಯಾಗುತ್ತದಾ ಎಂದು ಕೇಳಿದೆ. "ಆ ಉದ್ದೇಶದಿಂದಲೇ ಚಿಕಿತ್ಸೆ ಶುರು ಮಾಡ್ತಿದ್ದೀವಿ" ಎಂದರು ಡಾಕ್ಟರು. ಆಗುತ್ತದೆ ಎನ್ನಲಿಲ್ಲ.

ಅವಳದು ನಿನ್ನದಕ್ಕಿಂತ ಬೇರೆ ಬಗೆಯಂತೆ. ನಿನ್ನ ಮಾತ್ರೆ ಇಡಿಯಾಗಿ ಕೊಟ್ಟಿದ್ದರೂ ಅದಕ್ಕೆ ತಾಗುತ್ತಿರಲಿಲ್ಲ. ಇದನ್ನು ಬರೆಯಬೇಕೋ ಬೇಡವೋ ಎಂದು ಯೋಚಿಸಿದೆ. ನಿನಗೆ ನಾನು ಅರ್ಧ ಹೇಳಿದರೆ ಚೆನ್ನಾಗಿರುವುದಿಲ್ಲ. ಆ ತಿಂಗಳುಗಳು ಸುಮ್ಮನೆ ಹೋದವು. ಹೋಗಿದ್ದು ನಿನ್ನಿಂದ ಎಂದು ನೀನು ಹೇಳಿಕೊಳ್ಳಬೇಡ. ತೆರೆದ ಬಾಗಿಲಿನಿಂದ ಹೋದವು, ಬಾರದ ವ್ಯಾನಿನಿಂದ ಹೋದವು. ಅಮ್ಮನೂ ಇದೇ ಹೇಳುತ್ತಾಳೆ, ಅವಳ ಮಾತಿನಲ್ಲಿ ಸ್ವಲ್ಪ ಬೈಗುಳ ಸೇರಿರುತ್ತದೆ.

ಡಾಕ್ಟರು ನೋಡಿದ ದಿನದ್ದನ್ನು ಹೇಳಲೇಬೇಕು. ಪರದೆ ಎಳೆದಿದ್ದರು. ಹೆಂಗಸು ಡಾಕ್ಟರು ಒಳ್ಳೆಯವರೇ, ಆದರೆ ಅಭ್ಯಾಸ ನೋಡು, ಬರುವಾಗ ಕಲಿಯುವ ಇಬ್ಬರು ಹುಡುಗಿಯರನ್ನು ಕರೆತಂದರು. ಕಾಗದ ನೋಡುತ್ತಾ ಅವರಿಗೆ ಹೇಳಲು ಶುರು ಮಾಡಿದರು. ಅಮ್ಮ ಬಟ್ಟೆಯನ್ನು ಎದೆಗೆ ಅವಚಿಕೊಂಡು ಎದ್ದು ಕೂತಳು. ನನಗೆ ಬಾಯಿ ಹಾಕಬೇಕೆನಿಸಿತು, ನಿನ್ನ ಮಾತು ನೆನಪಾಗಿ ತಡೆದುಕೊಂಡೆ. ಸ್ವಲ್ಪ ಹೊತ್ತಾದ ಮೇಲೆ ಅಮ್ಮ ಹೇಳಿದಳು, "ಅಮ್ಮಾ, ಗಂಟು ನಂದು. ಮೊದ್ಲು ನಂಗೆ ಹೇಳಿ. ಆಮೇಲೆ ನಾನು ಸರಿ ಅಂದ್ರೆ ಇವ್ರಿಗೆ ಹೇಳಿ."

ಡಾಕ್ಟರು ಕಾಗದವನ್ನು ಕೆಳಗಿಟ್ಟರು. ಸ್ಟೂಲ್ ಎಳೆದುಕೊಂಡು ಕೂತರು. "ಸರಿ, ನಿಮಗೇ ಹೇಳ್ತೀನಿ" ಎಂದರು. ಎಲ್ಲ ವಿವರಿಸಿದ ಮೇಲೆ "ಇಷ್ಟು ತಡ ಯಾಕೆ ಮಾಡಿದ್ರಿ?" ಎಂದು ಕೇಳಿದರು.

"ನಮ್ಮಕ್ಕ ಬೇಗ ಬಂದ್ಲು. ಅವ್ಳಿಗೆ ಏನು ಮಾಡಿದ್ರು ಅಂತ ನೋಡಿದೆ. ಅದಕ್ಕೆ" ಎಂದಳು ಅಮ್ಮ.

ಏನು ಮಾಡಿದರು ಎಂದು ಡಾಕ್ಟರು ಕೇಳಿದರು. ಅಮ್ಮ ಹೇಳಿದಳು, ಪೂರ್ತಿಯಾಗಿ. ನನ್ನ ಮುಂದೆ, ಆ ಕಲಿಯುವ ಹುಡುಗಿಯರ ಮುಂದೆ. ಆ ಹುಡುಗಿಯರಲ್ಲಿ ಒಬ್ಬಳು ತಲೆ ಎತ್ತಲಿಲ್ಲ. ಕೊನೆಗೆ ಅಮ್ಮನೇ "ಇರ್ಲಿ ಬಿಡಮ್ಮ, ನೀನಲ್ಲ. ಬಾ, ನೀನೂ ನೋಡು. ಕೈ ಬೆಚ್ಚಗೆ ಮಾಡ್ಕೊಂಡು ಮುಟ್ಟು" ಎಂದಳು.

ಮೊದಲ ಹನಿ ಔಷಧಿ ಆಗಿದೆ. ವಾಂತಿ, ಸುಸ್ತು. ಸ್ವಲ್ಪ ಚೇತರಿಸಿಕೊಂಡರೆ ಕಿಟಕಿಯ ಪಕ್ಕ ಕೂತು ನನ್ನ ಅಂಗಿಯ ಹೆಗಲು ಹಿಡಿಸುತ್ತಾಳೆ.

ನೀನು ಪೇಟೆಯ ಆಸ್ಪತ್ರೆಗೆ ಹೋಗಿ ಒಮ್ಮೆ ತೋರಿಸಿಕೋ. ಜೊತೆಗೆ ಯಾರನ್ನಾದರೂ ಕರೆದುಕೊಂಡು ಹೋಗು. ಬಾಗಿಲು ಹಾಕಿ ಎಂದು ಹೇಳು.

ಚೂಟಿ


ಜೂನ್ ೧೬

ತಂಗೀ,

ಚೂಟಿ ಇದನ್ನು ನಿನಗೆ ಓದಿ ಹೇಳುತ್ತಾಳೆ. ಚೂಟಿ, ಮಧ್ಯೆ ನಿನ್ನದನ್ನು ಸೇರಿಸಬೇಡ.

ನಿನಗೆ ಕಾಗದ ಬರೆಯುತ್ತಿರುವುದು ಇದೇ ಮೊದಲು. ಬರೆಯುವಷ್ಟು ದೂರ ನಾವು ಯಾವಾಗ ಇದ್ದೆವು? ಹಾಗಾಗಿ ಹೇಗೆ ಶುರು ಮಾಡಬೇಕೆಂದು ಗೊತ್ತಾಗದೆ ಬೆಳಗಿನಿಂದ ಹಾಳೆಯ ಎದುರು ಕೂತಿದ್ದೇನೆ.

ನಾನು ಪೇಟೆಗೆ ಹೋಗಿ ತೋರಿಸಿಕೊಂಡು ಬಂದೆ. ಸದ್ಯಕ್ಕೆ ಏನೂ ಇಲ್ಲ ಎಂದರು. ಬಾಗಿಲು ಹಾಕಿ ಎಂದೆ. ಅಲ್ಲಿದ್ದ ಹುಡುಗ ನನ್ನನ್ನು ಮೇಲಿಂದ ಕೆಳಗೆ ನೋಡಿ, ಹೋಗಿ ಹಾಕಿದ. ಇಷ್ಟು ಸುಲಭವಾಗಿತ್ತೇ ಎನಿಸಿ ಸಿಟ್ಟು ಬಂತು. ಅರ್ಧ ಮಾತ್ರೆಯ ವಿಷಯವನ್ನು ಡಾಕ್ಟರಿಗೆ ಹೇಳಿದೆ. ಇನ್ನು ಮುಂದೆ ಮಾಡಬೇಡಿ ಎಂದರು. ಈ ಸಲ ನನಗೇ ಹೇಳಿದರು.

ಓಣಿಯ ಸುದ್ದಿ ಕೇಳು. ನೀನು ಹೋದ ಮೇಲೆ ಹೆಂಗಸರು ಒಬ್ಬೊಬ್ಬರಾಗಿ ಶೆಡ್ಡಿಗೆ ಬರುತ್ತಿದ್ದಾರೆ. ಬಲೆ ಕೊಡಲು ಬಂದಂತೆ ಬಂದು, ಸುತ್ತ ನೋಡಿ, "ನನ್ನದೂ ಒಂಚೂರು ಮುಟ್ಟಿ ನೋಡಕ್ಕ" ಎನ್ನುತ್ತಾರೆ. ನಾನೇನು ಡಾಕ್ಟರೇ? "ನಂಗೆ ತಿಳಿಯಲ್ಲ, ಆಸ್ಪತ್ರೆಗೆ ಹೋಗು" ಎನ್ನುತ್ತೇನೆ. "ನಿನ್ನ ತಂಗಿ ಬರ್ಲಿ, ಆಮೇಲೆ ನೋಡೋಣ" ಎನ್ನುತ್ತಾರೆ. ನಾನು ಬದುಕಿದ್ದು ಅವರಿಗೆ ಲೆಕ್ಕಕ್ಕಿಲ್ಲ. ನನ್ನದು ವ್ಯಾನು ತಂದ ಅದೃಷ್ಟವಂತೆ. ನೀನು ನಿನ್ನ ಕಾಲಲ್ಲಿ ಲಾಂಚಿನಿಂದ ಇಳಿಯಬೇಕು, ಅವರು ಕಣ್ಣಾರೆ ನೋಡಬೇಕು, ಆಮೇಲೆ ಹೋಗುತ್ತಾರಂತೆ.

ಲಾಂಚಿನವನ ಹೆಂಡತಿ ಮಾತ್ರ ಹಾಗೆ ಹೇಳಲಿಲ್ಲ. "ಅವ್ಳು ಬದುಕಿ ಬರ್ತಾಳಾ?" ಎಂದು ಕೇಳಿದಳು. "ಗೊತ್ತಿಲ್ಲ ಕಣೇ. ಆದ್ರೆ ಹೋದ್ಲು" ಎಂದೆ. ಮಾರನೆಯ ದಿನ ಗಂಡನ ಲಾಂಚಿನಲ್ಲೇ ಮೊದಲ ಟ್ರಿಪ್ಪಿಗೆ ದಾಟಿದಳು. ಉಳಿದವರಿಗೂ ಅದನ್ನೇ ಹೇಳುತ್ತಿದ್ದೇನೆ. ನಿನಗೋಸ್ಕರ ಕಾಯುತ್ತಾ ಅವರೆಲ್ಲ ತಡ ಮಾಡಿಕೊಂಡರೆ ಆ ಭಾರ ನಿನ್ನ ತಲೆಗೆ ಯಾಕೆ? ನೀನು ಓಣಿಗೋಸ್ಕರ ಗುಣವಾಗಬೇಡ. ನನಗೋಸ್ಕರವೂ ಬೇಡ, ನನಗೋಸ್ಕರ ಒಮ್ಮೆ ಲಾಂಚು ಹತ್ತಿದ್ದೀಯ. ನಿನಗೋಸ್ಕರ ಗುಣವಾಗು. ನಿನಗೆ ಅದು ಅಭ್ಯಾಸವಿಲ್ಲ, ಕಲಿತುಕೋ.

ಕಳೆದ ಸಲದ ಔಷಧಿ ನಿನ್ನನ್ನು ತುಂಬಾ ಕೆಡವಿತು ಎಂದು ಚೂಟಿ ಬರೆದಿದ್ದಳು. ಇನ್ನು ಬೇಡ, ಮನೆಗೆ ಹೋಗುತ್ತೇನೆ ಎಂದು ಅಳುತ್ತಿದ್ದೆಯಂತೆ. ಬಾ ಎಂದು ಬರೆಯಲು ಪೆನ್ನು ತೆಗೆದಿದ್ದೆ, ನಿಜ ಹೇಳುತ್ತೇನೆ. ಬರೆಯುವುದಿಲ್ಲ. ಮುಗಿಸಿಯೇ ಬಾ.

ಆ ಮಾತ್ರೆಯ ತಿಂಗಳುಗಳ ವಿಷಯವನ್ನು ನೀನು ಹೊರಟ ಮೇಲೆ ನೀನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅದು ಕಾಗದದಲ್ಲಿ ಆಗುವ ಮಾತಲ್ಲ. ಎದುರುಬದುರು ಕೂತು ಬೈದುಕೊಳ್ಳೋಣ.

ಇಷ್ಟು ವರ್ಷ ನಿನಗೆ ಹೇಳಲು ನನ್ನ ಹತ್ತಿರ ಏನೂ ಇರುತ್ತಿರಲಿಲ್ಲ, ನನಗಾದದ್ದೆಲ್ಲ ನಿನಗೆ ಗೊತ್ತೇ ಇರುತ್ತಿತ್ತು. ಈಗ ದಿನಾ ಒಂದಿಷ್ಟು ಉಳಿದುಬಿಡುತ್ತದೆ. ಇವತ್ತು ಬಲೆಯಲ್ಲಿ ಒಂದು ಆಮೆ ಮರಿ ಬಂದಿತ್ತು, ಯಾರಿಗೆ ತೋರಿಸಲಿ ಎಂದು ತಿರುಗಿ ನೋಡಿದೆ. ಹೀಗೇ ತುಂಬಾ ಸೇರಿಬಿಟ್ಟರೆ ಹೇಳಿ ಮುಗಿಸಲು ನಮ್ಮ ಆಯಸ್ಸು ಸಾಲುವುದಿಲ್ಲ ಕಣೇ.

ನಿನ್ನ ಅಕ್ಕ